ಓವರ್‌ಕ್ಲಾಕ್ ಮಾಡಿದ ರಾಸ್ಪ್‌ಬೆರಿ ಪೈ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ರಾಸ್ಪ್‌ಬೆರಿ ಪೈ ಅಂದರೆ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಅದರ ಪೈ 4 ಅಥವಾ ಪೈ 5 ಮಾದರಿಯನ್ನು ಓವರ್‌ಕ್ಲಾಕ್ ಮಾಡಿದ, ಅಂದರೆ ಮೂಲ ವೇಗಕ್ಕಿಂತ ಏರಿಸಿದ ಮೇಲೆ ಬೋರ್ಡ್ ಹ್ಯಾಂಗ್ ಆಗುತ್ತಿದೆ, ತಾನಾಗಿ ರೀಬೂಟ್ ಆಗುತ್ತಿದೆ, ಏರಿಸಿದಷ್ಟು ವೇಗ ಸಿಗುತ್ತಿಲ್ಲ, ಇಲ್ಲವೇ ಬೂಟೇ ಆಗುತ್ತಿಲ್ಲ. ಈ ನಾಲ್ಕರಲ್ಲಿ ಯಾವುದು ಕಂಡರೂ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ: ವೋಲ್ಟೇಜ್ ಇನ್ನೊಂದು ಮೆಟ್ಟಿಲು ಏರಿಸುವುದು. ದೋಷ ಚಿಪ್‌ನಲ್ಲಿದ್ದರೆ ಅದು ಸರಿ. ಆದರೆ ಬಹಳಷ್ಟು ಸಲ ದೋಷ ಇರುವುದು ಚಾರ್ಜರಿನ ಕೇಬಲ್‌ನಲ್ಲಿ ಅಥವಾ ಹೀಟ್‌ಸಿಂಕ್ (ಚಿಪ್‌ನ ಶಾಖ ಹೀರುವ ಲೋಹದ ತುಂಡು) ಕೆಳಗಿನ ಪ್ಯಾಡ್‌ನಲ್ಲಿ. ಅಂಥ ಕಡೆ ವೋಲ್ಟೇಜ್ ಏರಿಸಿದರೆ ಬೋರ್ಡ್ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಇನ್ನಷ್ಟು ಕಾಯುತ್ತದೆ, ತೊಂದರೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಹುಡುಕುವ ಕ್ರಮ ಹೀಗಿರಲಿ: ಮೊದಲು ಕರೆಂಟ್, ಆಮೇಲೆ ಶಾಖ, ಚಿಪ್‌ನ ಮಿತಿಯ ಮಾತು ಕೊನೆಗೆ.

ಒಂದು ಸೂಚನೆ. ಆಜ್ಞೆಗಳನ್ನೂ ಸೆಟ್ಟಿಂಗ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಒತ್ತುವಾಗ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕು. ಹೆಸರಿನ ನಡುವೆ ಅಡಿಗೆರೆ ಕಂಡಲ್ಲಿ ಅಡಿಗೆರೆಯನ್ನೇ ಹಾಕಿ.

ಬೋರ್ಡ್ ಬೂಟೇ ಆಗದಿದ್ದರೆ

ಗಾಬರಿ ಬೇಡ, ಬೋರ್ಡ್ ಸುಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಪವರ್ ತೆಗೆದು ಎಸ್‌ಡಿ ಕಾರ್ಡನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ. ಕಾರ್ಡಿನ ಮೊದಲ ಭಾಗ ಫ್ಯಾಟ್32 ಆಗಿರುವುದರಿಂದ ವಿಂಡೋಸ್‌ನಲ್ಲೂ ತೆರೆದುಕೊಳ್ಳುತ್ತದೆ. ಅದರಲ್ಲಿರುವ ಸೆಟ್ಟಿಂಗ್‌ಗಳ ಫೈಲ್ ಕಾನ್ಫಿಗ್.ಟಿಎಕ್ಸ್‌ಟಿ ತೆರೆದು, ನೀವು ಸೇರಿಸಿದ ಪ್ರತಿ ಸಾಲಿನ ಮುಂದೆ # ಹಾಕಿ ಉಳಿಸಿ. ಬೂಟ್ ಆಗುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಓವರ್‌ಕ್ಲಾಕ್ ತಾತ್ಕಾಲಿಕವಾಗಿ ರದ್ದಾಗುತ್ತದೆ ಎಂಬುದು ಹಳೆಯ ಉಪಾಯ. ಆದರೆ ಕಾರ್ಡ್ ತೆಗೆದು ತಿದ್ದುವುದೇ ನೆಚ್ಚಿಕೊಳ್ಳಬಹುದಾದ ದಾರಿ.

ಮೂಲ ವೇಗಕ್ಕೆ ಇಳಿಸಿದರೂ ಬೂಟ್ ಆಗದಿದ್ದರೆ ಹಸಿರು ಎಲ್‌ಇಡಿಯ ಮಿಣುಕು ಎಣಿಸಿ. ನಾಲ್ಕು ಸಲ ಮಿಣುಕಿ ನಿಂತು ಮತ್ತೆ ನಾಲ್ಕು ಸಲ ಮಿಣುಕಿದರೆ ಬೂಟ್ ಭಾಗದ ಸ್ಟಾರ್ಟ್ ಫೈಲ್ ಸಿಗುತ್ತಿಲ್ಲ. ಏಳು ಸಲವಾದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಫೈಲ್ ಸಿಗುತ್ತಿಲ್ಲ. ಈ ಎರಡೂ ಕಾರ್ಡ್ ಕೆಟ್ಟಿರುವ ಲಕ್ಷಣ. ಎಂಟು ಸಲವಾದರೆ ರ್‍ಯಾಮ್ ತೊಂದರೆ, ಅದು ಬೋರ್ಡಿನದೇ.

ಇಲ್ಲೊಂದು ಮೋಸವಿದೆ. ಓವರ್‌ಕ್ಲಾಕ್‌ನಿಂದ ಬೋರ್ಡ್ ಹಠಾತ್ತನೆ ನಿಂತಾಗ ಅರ್ಧ ಬರೆದ ಫೈಲುಗಳಿಂದ ಕಾರ್ಡಿನ ಫೈಲ್ ಸಿಸ್ಟಂ ಕೆಡುತ್ತದೆ. ಆಮೇಲೆ ವೇಗ ಇಳಿಸಿದರೂ ಕೆಟ್ಟ ಕಾರ್ಡ್ ಹಾಗೇ ಇರುತ್ತದೆ. ಅದನ್ನು ನೋಡಿ 'ವೇಗ ಇಳಿಸಿದರೂ ಸರಿಹೋಗಲಿಲ್ಲ, ಹಾಗಾಗಿ ಓವರ್‌ಕ್ಲಾಕ್ ಕಾರಣವಲ್ಲ' ಎಂದು ತೀರ್ಮಾನಿಸಿದರೆ ದಾರಿ ತಪ್ಪಿದಿರಿ. ಹೊಸದಾಗಿ ಬರೆದ ಬೇರೆ ಕಾರ್ಡನ್ನು ಮೂಲ ವೇಗದಲ್ಲಿ ಹಾಕಿ ನೋಡಿ. ಹಳೆಯ ಕಾರ್ಡನ್ನು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ, ಮೌಂಟ್ ಮಾಡದೆ, ಎರಡನೇ ಭಾಗದ ಮೇಲೆ ಫೈಲ್ ಸಿಸ್ಟಂ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ.ಎಕ್ಸ್ಟ್4 -ಎಫ್ ಓಡಿಸಿ. ಓವರ್‌ಕ್ಲಾಕ್ ಪ್ರಯೋಗಕ್ಕೆ ಹೋದರೆ ಹೋಗಲಿ ಎನ್ನುವಂಥ ಬೇರೆ ಕಾರ್ಡನ್ನೇ ಬಳಸಿ. ನಿಮ್ಮ ಡೇಟಾ ಇರುವ ಕಾರ್ಡ್ ಆ ಹೊತ್ತಿಗೆ ಡ್ರಾಯರಿನಲ್ಲಿರಲಿ.

ಸೆಟ್ಟಿಂಗ್ ಹಾಕಿದರೂ ವೇಗ ಏರದಿದ್ದರೆ

ಇದು ದೋಷವೇ ಅಲ್ಲದ ದೋಷ. ಕಾರಣಗಳು ಮೂರು.

ಒಂದು, ತಪ್ಪು ಫೈಲ್ ತಿದ್ದಿದ್ದೀರಿ. 2023ರ ಅಕ್ಟೋಬರಿನಲ್ಲಿ ಬಂದ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಫೈಲಿನ ಜಾಗ /ಬೂಟ್/ಫರ್ಮ್‌ವೇರ್/ಕಾನ್ಫಿಗ್.ಟಿಎಕ್ಸ್‌ಟಿ. ಅದಕ್ಕೂ ಹಿಂದೆ ಫರ್ಮ್‌ವೇರ್ ಎಂಬ ಒಳ ಫೋಲ್ಡರ್ ಇರಲಿಲ್ಲ, ನೇರ /ಬೂಟ್ ಒಳಗೇ ಇತ್ತು. ಹಳೆಯ ಲೇಖನ ನೋಡಿ ಹಳೆಯ ಜಾಗದಲ್ಲಿ ತಿದ್ದಿದರೆ ಏನೂ ಆಗುವುದಿಲ್ಲ.

ಎರಡು, ಸಾಲು ತಪ್ಪು ವಿಭಾಗದಲ್ಲಿದೆ. ಆ ಫೈಲಿನಲ್ಲಿ [ಪೈ4], [ಪೈ5], [ಸಿಎಂ4], [ಆಲ್] ಎಂಬ ಚೌಕಾವರಣದ ತಲೆಬರಹಗಳಿರುತ್ತವೆ. ಒಂದು ತಲೆಬರಹದ ಕೆಳಗಿನ ಸಾಲುಗಳು ಆ ಮಾದರಿಗೆ ಮಾತ್ರ ಅನ್ವಯ. [ಸಿಎಂ4] ಅಂದರೆ ಕಂಪ್ಯೂಟ್ ಮಾಡ್ಯೂಲ್ 4 ಎಂಬ ಬೇರೆ ಮಾದರಿ, ಅದರ ಕೆಳಗೆ ಬರೆದ ಸಾಲನ್ನು ನಿಮ್ಮ ಪೈ 4 ಕಣ್ಣೆತ್ತಿಯೂ ನೋಡುವುದಿಲ್ಲ. ಫೈಲಿನ ಕೊನೆಗೆ ಹೋಗಿ [ಆಲ್] ಕೆಳಗೆ ಬರೆಯಿರಿ. ಒಂದೇ ಸೆಟ್ಟಿಂಗ್ ಎರಡು ಸಲ ಬಂದಿದ್ದರೆ ಕೆಳಗಿನದೇ ಗೆಲ್ಲುತ್ತದೆ ಎಂಬುದೂ ನೆನಪಿರಲಿ.

ಮೂರು, ಬೋರ್ಡ್ ಸುಮ್ಮನೆ ಕೂತಿದೆ. ಕೆಲಸವಿಲ್ಲದಾಗ ಪೈ 4 ತನ್ನ ವೇಗವನ್ನು 600 ಮೆಗಾಹರ್ಟ್ಸ್‌ಗೂ ಪೈ 5 ತನ್ನದನ್ನು 1500ಕ್ಕೂ ಇಳಿಸಿಕೊಳ್ಳುತ್ತದೆ. ಭಾರ ಹಾಕಿ ಅಳೆಯಿರಿ. ಬೋರ್ಡಿನ ಸ್ಥಿತಿ ಹೇಳುವ ಆಜ್ಞೆ ವಿಸಿಜೆನ್‌ಸಿಎಂಡಿ, ಸಿಪಿಯು ವೇಗದ ಸೆಟ್ಟಿಂಗ್ ಆರ್ಮ್_ಫ್ರೀಕ್. ವಿಸಿಜೆನ್‌ಸಿಎಂಡಿ ಗೆಟ್_ಕಾನ್ಫಿಗ್ ಆರ್ಮ್_ಫ್ರೀಕ್ ಎಂದರೆ ಬೋರ್ಡ್ ಓದಿಕೊಂಡ ಸೆಟ್ಟಿಂಗ್ ಕಾಣುತ್ತದೆ. ವಿಸಿಜೆನ್‌ಸಿಎಂಡಿ ಮೆಷರ್_ಕ್ಲಾಕ್ ಆರ್ಮ್ ಎಂದರೆ ಆ ಕ್ಷಣದಲ್ಲಿ ನಿಜವಾಗಿ ಓಡುತ್ತಿರುವ ವೇಗ, ಹರ್ಟ್ಸ್‌ನಲ್ಲಿ. ಎರಡೂ ಹೊಂದುತ್ತಿದ್ದರೆ ಇಲ್ಲೇನೂ ತೊಂದರೆಯಿಲ್ಲ. ಮೊದಲನೆಯದು 2000 ಎಂದು ತೋರಿಸಿ, ಪೂರ್ತಿ ಭಾರದಲ್ಲೂ ಎರಡನೆಯದು ಕೆಳಗೇ ನಿಂತಿದ್ದರೆ ಬೋರ್ಡ್ ತನ್ನನ್ನು ತಾನೇ ತಡೆಹಿಡಿದುಕೊಂಡಿದೆ. ಯಾಕೆ ಎಂಬುದನ್ನು ಮುಂದಿನ ಆಜ್ಞೆ ಹೇಳುತ್ತದೆ.

ಒಂದು ಸಂಖ್ಯೆ ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು

ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್ ಎಂದು ಒತ್ತಿ. ಸೊನ್ನೆ, ಎಕ್ಸ್ ಅಕ್ಷರ, ಆಮೇಲೆ ಒಂದು ಸಂಖ್ಯೆ ಬರುತ್ತದೆ. ಎಕ್ಸ್ ನಂತರದ ಭಾಗವನ್ನು ಮಾತ್ರ ನೋಡಿ. ಬರೀ 0 ಇದ್ದರೆ ಬೂಟ್ ಆದಾಗಿನಿಂದ ಕರೆಂಟಿನದಾಗಲಿ ಶಾಖದ್ದಾಗಲಿ ದೂರು ದಾಖಲಾಗಿಲ್ಲ.

ಬೇರೇನಾದರೂ ಬಂದಿದ್ದರೆ ಎರಡು ಅಂಕೆಗಳಷ್ಟೇ ಮುಖ್ಯ. ಬಲತುದಿಯ ಅಂಕೆ ಈ ಕ್ಷಣದ ಸ್ಥಿತಿ. ಬಲದಿಂದ ಐದನೆಯ ಅಂಕೆ ಬೂಟ್ ಆದಾಗಿನಿಂದ ಒಮ್ಮೆಯಾದರೂ ಆದದ್ದು. ಎರಡಕ್ಕೂ ಲೆಕ್ಕ ಒಂದೇ: 1 ಎಂದರೆ ವೋಲ್ಟೇಜ್ ಕುಸಿತ, 2 ಎಂದರೆ ವೇಗಕ್ಕೆ ಮಿತಿ ಬಿದ್ದಿದೆ, 4 ಎಂದರೆ ವೇಗ ಕಡಿತ ನಡೆದಿದೆ, 8 ಎಂದರೆ ಶಾಖದ ಮೊದಲ ಎಚ್ಚರಿಕೆಯ ಗಡಿ ದಾಟಿದೆ. ಒಂದಕ್ಕಿಂತ ಹೆಚ್ಚು ಆಗಿದ್ದರೆ ಕೂಡಿಸಿ ತೋರಿಸುತ್ತದೆ. ಒಂಬತ್ತು ದಾಟಿದರೆ ಅಕ್ಷರ ಬರುತ್ತದೆ, 'ಇ' ಎಂದರೆ 14.

ಉದಾಹರಣೆಗೆ 50005. ಬಲತುದಿಯ 5 ಅಂದರೆ 4 ಮತ್ತು 1: ಈಗ ವೋಲ್ಟೇಜ್ ಕುಸಿದಿದೆ, ಅದಕ್ಕೇ ವೇಗ ಕಡಿತವಾಗಿದೆ. ಐದನೆಯ ಸ್ಥಾನದ 5 ಅದೇ ಕತೆಯನ್ನು ಭೂತಕಾಲದಲ್ಲಿ ಹೇಳುತ್ತದೆ. 50000 ಬಂದರೆ ಈಗ ಸರಿಯಾಗಿದೆ, ಆದರೆ ಯಾವಾಗಲೋ ಕುಸಿದಿತ್ತು. ಹಾರ್ಡ್ ಡಿಸ್ಕ್ ತಿರುಗಲು ಶುರುವಾದ ಹೊತ್ತೋ ನಾಲ್ಕು ಕೋರ್ ಒಟ್ಟಿಗೆ ಎದ್ದ ಹೊತ್ತೋ ಇರಬಹುದು. ಇ0008 ಬಂದರೆ ವೋಲ್ಟೇಜ್‌ನ 1 ಎರಡೂ ಕಡೆ ಇಲ್ಲ, ಐದನೆಯ ಸ್ಥಾನದಲ್ಲಿ ಉಳಿದ ಮೂರೂ ಇವೆ. ಇದು ಶುದ್ಧ ಶಾಖದ ಕೇಸು, ಚಾರ್ಜರ್ ಬದಲಿಸಿ ದುಡ್ಡು ಕಳೆಯಬೇಡಿ. ಹಿಂದಿನ ದಾಖಲೆ ಅಳಿಸಿ ಹೊಸದಾಗಿ ಪರೀಕ್ಷಿಸಬೇಕೆಂದರೆ ರೀಬೂಟ್ ಮಾಡಿ.

ಹ್ಯಾಂಗ್ ಆದ ಬೋರ್ಡಿನಲ್ಲಿ ಆಜ್ಞೆ ಓಡಿಸಲು ಆಗುವುದಿಲ್ಲವಲ್ಲ? ಅದಕ್ಕೆ ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕಿನಲ್ಲಿ ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಒಳಹೋಗಿ, ಸಮಯ, ಮೆಷರ್_ಟೆಂಪ್, ಮೆಷರ್_ಕ್ಲಾಕ್ ಆರ್ಮ್, ಗೆಟ್_ಥ್ರಾಟಲ್ಡ್ ಈ ನಾಲ್ಕನ್ನೂ ಸೆಕೆಂಡಿಗೊಮ್ಮೆ ಮುದ್ರಿಸುವ ವೈಲ್ ಲೂಪ್ ಓಡಿಸಿಟ್ಟುಬಿಡಿ. ಪೈ ಸತ್ತರೂ ಕೊನೆಯ ಸಾಲುಗಳು ಆ ಕಂಪ್ಯೂಟರಿನ ಪರದೆಯಲ್ಲಿ ಉಳಿದಿರುತ್ತವೆ. ಪೈನ ಕಾರ್ಡಿಗೆ ಲಾಗ್ ಬರೆಯಬೇಡಿ. ಕೊನೆಯ ಕೆಲವು ಸೆಕೆಂಡಿನ ಸಾಲುಗಳು ಕಾರ್ಡ್ ತಲುಪುವ ಮೊದಲೇ ಹೋಗಿರುತ್ತವೆ, ಬೇಕಾಗಿದ್ದದ್ದು ಅವೇ.

ಆ ಕೊನೆಯ ಸಾಲುಗಳು ಹೇಳುವುದಿಷ್ಟು. ಐದನೆಯ ಸ್ಥಾನದಲ್ಲಿ 1 ಅಥವಾ 5 ಇದ್ದರೆ ಕರೆಂಟಿನ ಕಡೆ ಹೋಗಿ. ಶಾಖ 80 ದಾಟಿ ವೇಗ ಇಳಿಯುತ್ತಿದ್ದರೆ ತಂಪಿನ ಕಡೆ. ಶಾಖ 60ರ ಆಸುಪಾಸು, ದೂರಿನ ಸಂಖ್ಯೆ 0, ಆದರೂ ಬೋರ್ಡ್ ನಿಂತಿತು ಅಂದರೆ, ಆ ವೇಗಕ್ಕೆ ಚಿಪ್‌ಗೆ ಸಿಗುತ್ತಿರುವ ವೋಲ್ಟೇಜ್ ಸಾಲದು. ಬರೀ ಶಾಖದಿಂದ ಪೈ ಹ್ಯಾಂಗ್ ಆಗುವುದು ಅಪರೂಪ, ಅದು ನಿಧಾನವಾಗುತ್ತದೆ. 80ರಿಂದ ವೇಗ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, 85ಕ್ಕೆ ಬಂದರೆ ಗ್ರಾಫಿಕ್ಸ್ ಭಾಗದ ವೇಗವೂ ಇಳಿಯುತ್ತದೆ.

ಕರೆಂಟ್: ಚಾರ್ಜರಿಗಿಂತ ಕೇಬಲ್ ಮೇಲೆ ಹೆಚ್ಚು ಅನುಮಾನ ಇರಲಿ

ಬೋರ್ಡಿನ 5 ವೋಲ್ಟ್ ಸಾಲು ಸುಮಾರು 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಪೈ 4 ತನ್ನ ವೇಗವನ್ನು 600ಕ್ಕೆ ತಳ್ಳುತ್ತದೆ. ಪೈ 4ರ ಅಧಿಕೃತ ಅಡಾಪ್ಟರ್ 5.1 ವೋಲ್ಟ್, 3 ಆಂಪ್. ಪೈ 5ರದ್ದು 5.1 ವೋಲ್ಟ್, 5 ಆಂಪ್. ಆ 0.1 ವೋಲ್ಟ್ ಸುಮ್ಮನೆ ಇಟ್ಟದ್ದಲ್ಲ, ಕೇಬಲ್‌ನಲ್ಲಿ ಕಳೆದುಹೋಗುವ ಪಾಲಿಗೆ ಕೊಟ್ಟ ಮುಂಗಡ.

ಲೆಕ್ಕ ಹಾಕಿ ನೋಡಿ. ಅಗ್ಗದ ಕೇಬಲ್ ಒಳಗೆ 28 ಗೇಜ್ ತಂತಿ ಇರುತ್ತದೆ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಪೂರ), ಮೀಟರಿಗೆ ಸುಮಾರು 0.21 ಓಮ್. ಒಂದು ಮೀಟರ್ ಕೇಬಲ್ ಅಂದರೆ ಕರೆಂಟ್ ಹೋಗಿ ಬರಲು ಎರಡು ಮೀಟರ್ ತಂತಿ, 0.42 ಓಮ್. ಓವರ್‌ಕ್ಲಾಕ್ ಆದ ಪೈ 4 ಡಿಸ್ಕ್ ಸಮೇತ 2 ಆಂಪ್ ಎಳೆದರೆ 0.84 ವೋಲ್ಟ್ ಕೇಬಲ್‌ನಲ್ಲೇ ಹೋಯಿತು. 5.1ರಿಂದ ಹೊರಟದ್ದು ಬೋರ್ಡಿಗೆ 4.26 ಆಗಿ ತಲುಪುತ್ತದೆ. ಅದೇ 20 ಗೇಜ್ ತಂತಿಯಾದರೆ ನಷ್ಟ 0.13 ವೋಲ್ಟ್ ಮಾತ್ರ. ಅದೇ ಚಾರ್ಜರ್, ಅದೇ ಬೋರ್ಡ್. ಮೂಲ ವೇಗದಲ್ಲಿ ಈ ಕೊರತೆ ಹೇಗೋ ನಡೆದುಹೋಗುತ್ತಿತ್ತು, ಓವರ್‌ಕ್ಲಾಕ್ ಅದನ್ನು ಹೊರಗೆಳೆಯಿತು ಅಷ್ಟೇ.

'65 ವಾಟ್ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ದೇನೆ, ಕರೆಂಟ್ ಸಾಲದೇ ಇರುತ್ತದೆಯೇ?' ಎಂಬುದು ಸಾಮಾನ್ಯ ಪ್ರಶ್ನೆ. ಇರುತ್ತದೆ. ಪೈಗೆ ಬೇಕಾದದ್ದು 5 ವೋಲ್ಟ್ ಒಂದೇ. ಆ 65 ವಾಟ್ ಬರುವುದು 20 ವೋಲ್ಟ್‌ನಲ್ಲಿ. 5 ವೋಲ್ಟ್‌ನಲ್ಲಿ ಅಂಥ ಬಹುತೇಕ ಚಾರ್ಜರ್‌ಗಳ ಮಿತಿ 3 ಆಂಪ್. ಚಾರ್ಜರಿನ ಹಿಂದಿನ ಸಣ್ಣಕ್ಷರದಲ್ಲಿ 5 ವೋಲ್ಟ್ ಮುಂದೆ ಎಷ್ಟು ಆಂಪ್ ಬರೆದಿದೆ ನೋಡಿ, ಉಳಿದದ್ದು ನಮಗೆ ಬೇಡ. ಪೈ 5ಕ್ಕೆ 3 ಆಂಪ್ ಚಾರ್ಜರ್ ಹಾಕಿದರೆ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿ ಆಂಪ್ ಮಾತ್ರ ಕೊಡುತ್ತದೆ, 5 ಆಂಪ್ ಇದ್ದರೆ 1.6 ಆಂಪ್. ಎಸ್‌ಎಸ್‌ಡಿ ಆಗಾಗ ಮಾಯವಾಗುವುದಕ್ಕೆ ಕಾರಣ ಓವರ್‌ಕ್ಲಾಕ್ ಅಲ್ಲ, ಇದು. ಯುಎಸ್‌ಬಿ_ಮ್ಯಾಕ್ಸ್_ಕರೆಂಟ್_ಎನೇಬಲ್=1 ಎಂದು ಬರೆದು ಆ ಮಿತಿ ತೆಗೆಸಬಹುದು, ಆದರೆ ಚಾರ್ಜರಿಗೆ ನಿಜವಾಗಿಯೂ ಅಷ್ಟು ತಾಕತ್ತಿದ್ದರೆ ಮಾತ್ರ.

ಅಳೆಯುವುದು ಹೀಗೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಜಿಪಿಐಒ ಸಾಲಿನ (ಬೋರ್ಡಿನ ಅಂಚಿನ ಪಿನ್‌ಗಳ ಸಾಲು) 6ನೇ ಪಿನ್‌ಗೆ, ಕೆಂಪು ಕಡ್ಡಿ 4ನೇ ಪಿನ್‌ಗೆ. 2ನೇ ಪಿನ್ ಕೂಡ 5 ವೋಲ್ಟೇ. ಆದರೆ ಅದರ ಪಕ್ಕದಲ್ಲೇ 3.3 ವೋಲ್ಟ್‌ನ 1ನೇ ಪಿನ್ ಇದೆ, ಕಡ್ಡಿ ಜಾರಿ ಎರಡೂ ತಾಗಿದರೆ ಬೋರ್ಡ್ ಅಲ್ಲಿಗೇ ಮುಗಿಯುತ್ತದೆ. ಮೊನೆಗೆ ಹೆಣ್ಣು ಜಂಪರ್ ತಂತಿ ಸಿಕ್ಕಿಸಿಕೊಂಡು, ಪವರ್ ಇಲ್ಲದಾಗಲೇ ಜೋಡಿಸಿ, ಆಮೇಲೆ ಆನ್ ಮಾಡುವುದು ಕ್ಷೇಮ. ಬೋರ್ಡ್ ಸುಮ್ಮನಿದ್ದಾಗಿನ ಓದನ್ನು ಬರೆದುಕೊಳ್ಳಿ. ಈಗ ಭಾರ ಹಾಕುವ ಪ್ರೋಗ್ರಾಂ ಸ್ಟ್ರೆಸ್-ಎನ್‌ಜಿ --ಸಿಪಿಯು 4 --ಟೈಮೌಟ್ 120 ಓಡಿಸಿ. 5.1 ಇದ್ದದ್ದು 4.95ಕ್ಕೆ ಬಂದು ನಿಂತರೆ ಚೆನ್ನಾಗಿದೆ. 4.8ರ ಕೆಳಗೆ ಹೋದರೆ ಕೇಬಲ್ ಬದಲಿಸಿ. ಮತ್ತೂ ಅದೇ ಆದರೆ ಅಡಾಪ್ಟರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಅತಿ ಅಗ್ಗದ ಮೀಟರ್ ಕೂಡ ಈ ಕೆಲಸಕ್ಕೆ ಸಾಕು. ಒಂದು ಮಿತಿ ಮಾತ್ರ ತಿಳಿದಿರಲಿ: ಮೀಟರ್ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಓದುತ್ತದೆ, ಮೈಕ್ರೋಸೆಕೆಂಡಿನ ಕುಸಿತ ಅದಕ್ಕೆ ಕಾಣದು. ಹಾಗಾಗಿ ಓದು ಗಡಿಯಂಚಿನಲ್ಲಿದ್ದರೆ ಅದನ್ನು ಪಾಸು ಎಂದುಕೊಳ್ಳಬೇಡಿ.

ಪೈ 5 ಇದ್ದರೆ ಮೀಟರೂ ಬೇಡ. ವಿಸಿಜೆನ್‌ಸಿಎಂಡಿ ಪಿಎಂಐಸಿ_ರೀಡ್_ಎಡಿಸಿ ಎಂದರೆ ಬೋರ್ಡಿನೊಳಗಿನ ಪವರ್ ಚಿಪ್ ತಾನೇ ಅಳೆದ ಪಟ್ಟಿ ಬರುತ್ತದೆ. ಅದರಲ್ಲಿ ಎಕ್ಸ್ಟ್5ವಿ_ವಿ ಎಂಬ ಸಾಲು ಒಳಬರುವ 5 ವೋಲ್ಟ್.

ಶಾಖ: ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು

ವೇಗ ಮತ್ತು ವೋಲ್ಟೇಜ್ ಎರಡೂ ಏರಿದಾಗ ಚಿಪ್ ತಿನ್ನುವ ಪವರ್ ವೇಗದ ಪಟ್ಟಿನಷ್ಟು ಮಾತ್ರ ಏರುವುದಿಲ್ಲ, ವೋಲ್ಟೇಜ್‌ನ ವರ್ಗದಷ್ಟು ಅದಕ್ಕೆ ಗುಣಿಸುತ್ತದೆ. ಪೈ 4ರಲ್ಲಿ 1500ರಿಂದ 2000ಕ್ಕೆ ಹೋದರೆ ವೇಗ 1.33 ಪಟ್ಟು. ಅದಕ್ಕೆ ಸಾಮಾನ್ಯವಾಗಿ ಹಾಕುವ ಓವರ್_ವೋಲ್ಟೇಜ್=6 ಅಂದರೆ ಆರು ಮೆಟ್ಟಿಲು, ಒಂದೊಂದೂ 0.025 ವೋಲ್ಟ್, ಒಟ್ಟು 0.15. ಸುಮಾರು 0.85 ವೋಲ್ಟ್ ಇದ್ದದ್ದು 1.0 ಆಯಿತು. ವರ್ಗ ಮಾಡಿ ಗುಣಿಸಿದರೆ ಪವರ್ ಸುಮಾರು 1.8 ಪಟ್ಟು. ಮೂರನೇ ಒಂದು ಭಾಗ ವೇಗಕ್ಕೆ ತೆರುವ ಬೆಲೆ ಇದು, ಅದಕ್ಕೇ ಹಳೆಯ ಪುಟ್ಟ ಹೀಟ್‌ಸಿಂಕ್ ಈಗ ಸಾಲದು.

ತಂಪಿನ ವ್ಯವಸ್ಥೆಯಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯಲು ಭಾರ ಹಾಕಿ ಗಡಿಯಾರ ನೋಡಿ. 45 ಡಿಗ್ರಿಯಲ್ಲಿದ್ದ ಚಿಪ್ ಹತ್ತೇ ಸೆಕೆಂಡಿನಲ್ಲಿ 75ಕ್ಕೆ ಹಾರಿದರೆ ಚಿಪ್‌ನ ಶಾಖ ಹೀಟ್‌ಸಿಂಕ್ ತಲುಪುತ್ತಲೇ ಇಲ್ಲ. ಲೋಹವನ್ನು ಬೆರಳಿನಿಂದ ಮುಟ್ಟಿ: ಆಜ್ಞೆ 80 ಎನ್ನುತ್ತಿದೆ, ಲೋಹ ಬೆಚ್ಚಗಷ್ಟೇ ಇದೆ ಅಂದರೆ ನಡುವಿನ ಸಂಪರ್ಕ ಕೆಟ್ಟಿದೆ. ಪ್ಯಾಡ್‌ನ ಪ್ಲಾಸ್ಟಿಕ್ ಹಾಳೆ ತೆಗೆಯದೆ ಅಂಟಿಸಿರುವುದು ಇದರ ಅತಿ ಸಾಮಾನ್ಯ ಕಾರಣ. ಹಾಳೆ ಎರಡೂ ಬದಿಗೆ ಇರುತ್ತದೆ, ಒಂದು ತೆಗೆದು ಇನ್ನೊಂದು ಮರೆತಿರುತ್ತಾರೆ. ಲೋಹದ ಡಬ್ಬಿಯ ಒಳಗಂಬ ಚಿಪ್‌ಗೆ ತಾಗದೆ ಅರ್ಧ ಮಿಲಿಮೀಟರ್ ಮೇಲೇ ನಿಂತಿರಬಹುದು, ಆಗ ಸ್ವಲ್ಪ ದಪ್ಪ ಪ್ಯಾಡ್ ಬೇಕು. ಸ್ಕ್ರೂಗಳನ್ನು ಒಂದೇ ಮೂಲೆಯಿಂದ ಬಿಗಿದಿದ್ದರೆ ಹೀಟ್‌ಸಿಂಕ್ ಓರೆಯಾಗಿರುತ್ತದೆ. ಕರ್ಣದ ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಏಳೆಂಟು ನಿಮಿಷ ಮೆಲ್ಲಗೆ ಏರುತ್ತ ಹೋಗಿ ಕೊನೆಗೆ 80 ದಾಟಿದರೆ ಸಂಪರ್ಕ ಸರಿಯಿದೆ, ಹೀಟ್‌ಸಿಂಕ್‌ನಿಂದ ಗಾಳಿಗೆ ಶಾಖ ಹೋಗುತ್ತಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಓಡಿಸಿ. 10 ಡಿಗ್ರಿ ಇಳಿದರೆ ದೋಷ ಡಬ್ಬಿಯದು. ಫ್ಯಾನ್ ಇದ್ದರೆ ಅದರ ರೆಕ್ಕೆಯ ಧೂಳು, ಗಾಳಿ ಯಾವ ಕಡೆಗೆ ಬೀಸುತ್ತಿದೆ, 5 ವೋಲ್ಟ್ ಪಿನ್ ಬದಲು 3.3ಕ್ಕೆ ಸಿಕ್ಕಿಸಿದೆಯೇ ನೋಡಿ. ಪೈ 5ರ ಅಧಿಕೃತ ಫ್ಯಾನ್ 50 ಡಿಗ್ರಿಗೆ ಮೆಲ್ಲಗೆ ಶುರುವಾಗಿ, 60 ಮತ್ತು 67.5ಕ್ಕೆ ವೇಗ ಏರಿಸಿ, 75ಕ್ಕೆ ಪೂರ್ತಿ ಓಡುತ್ತದೆ. 55ರಲ್ಲೂ ಸದ್ದೇ ಇಲ್ಲದಿದ್ದರೆ ಅದರ ನಾಲ್ಕು ತಂತಿಯ ಕನೆಕ್ಟರ್ ಪೂರ್ತಿ ಕೂತಿಲ್ಲ.

ಚಿಪ್‌ನದೇ ಮಿತಿ

ಕರೆಂಟ್ ಸರಿ, ಶಾಖ ಸರಿ, ಆದರೂ ನಿಲ್ಲುತ್ತಿದೆ. ಈಗ ಮಾತ್ರ ಸೆಟ್ಟಿಂಗ್ ಕಡೆ ಬನ್ನಿ.

ಮೊದಲು ಗ್ರಾಫಿಕ್ಸ್ ಭಾಗದ ವೇಗ ಏರಿಸುವ ಜಿಪಿಯು_ಫ್ರೀಕ್ ಸಾಲು ತೆಗೆದುಬಿಡಿ. ಪರದೆಯಿಲ್ಲದೆ ಸರ್ವರ್ ಆಗಿ ಕೂತ ಬೋರ್ಡಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ, ಆದರೂ ಎಲ್ಲರೂ ನಕಲು ಮಾಡಿ ಹಾಕಿರುತ್ತಾರೆ. ಪರದೆಯಲ್ಲಿ ಚುಕ್ಕಿ ಪಟ್ಟೆ ಬರುವುದು, ವಿಡಿಯೋ ನಡುವೆ ನಿಲ್ಲುವುದು, ಬ್ರೌಸರ್ ಮಾತ್ರ ಬೀಳುವುದು ಇವೆಲ್ಲ ಆ ಸಾಲಿನ ಲಕ್ಷಣ. ಎಸ್‌ಡಿ ಕಾರ್ಡಿನ ವೇಗ ಏರಿಸುವ ಸಾಲಿದ್ದರೆ ಅದನ್ನೂ ತೆಗೆಯಿರಿ. ಪೈ 5ರಲ್ಲಿ ಎನ್‌ವಿಎಂಇ ಡಿಸ್ಕ್‌ಗೆ ಪಿಸಿಐಇ ಮೂರನೇ ತಲೆಮಾರಿನ ವೇಗ ಹಾಕಿದ್ದರೆ ಎರಡಕ್ಕೆ ಇಳಿಸಿ ನೋಡಿ. ಆ ಬೋರ್ಡ್ ಮೂರನೇ ತಲೆಮಾರಿಗೆ ಪ್ರಮಾಣಿತವಾಗಿಲ್ಲ, ಅಲ್ಲಿ ಬರುವ ಡಿಸ್ಕ್ ದೋಷಕ್ಕೆ ಸಿಪಿಯು ಓವರ್‌ಕ್ಲಾಕ್ ಬೈಸಿಕೊಳ್ಳುತ್ತದೆ.

ಆಮೇಲೆ ಒಂದೇ ಕೋರ್‌ಗೆ ಭಾರ ಹಾಕಿ: ಸ್ಟ್ರೆಸ್-ಎನ್‌ಜಿ --ಸಿಪಿಯು 1 --ವೆರಿಫೈ. ಒಂದೇ ಕೋರ್‌ಗೆ ಕರೆಂಟೂ ಶಾಖವೂ ಕಡಿಮೆ. ಅಲ್ಲೂ ಬಿದ್ದರೆ ಆ ವೇಗಕ್ಕೆ ವೋಲ್ಟೇಜ್ ಸಾಲದು ಎಂಬುದು ಖಚಿತ. ಒಂದು ಕೋರ್‌ನಲ್ಲಿ ಗಂಟೆಗಟ್ಟಲೆ ಓಡಿ ನಾಲ್ಕಕ್ಕೆ ಬಿದ್ದರೆ ಇನ್ನೊಮ್ಮೆ ಕರೆಂಟಿನ ಕಡೆ ಹೋಗಿ ನೋಡಿ. ಇನ್ನೊಂದು ಬಗೆಯಿದೆ: ಪೂರ್ತಿ ಭಾರದಲ್ಲಿ ಚೆನ್ನಾಗಿರುತ್ತದೆ, ರಾತ್ರಿ ಸುಮ್ಮನಿರುವಾಗ ಸಾಯುತ್ತದೆ. ಇದು 600ರಿಂದ 2000ಕ್ಕೆ ಹಾರುವ ಕ್ಷಣದ ದೋಷ. ಹತ್ತು ಸೆಕೆಂಡ್ ಭಾರ, ಹತ್ತು ಸೆಕೆಂಡ್ ವಿರಾಮ, ಹೀಗೆ ಒಂದು ಗಂಟೆ ಓಡಿಸಿದರೆ ಹಗಲೇ ಹಿಡಿಯಬಹುದು.

ಶುರು ಮಾಡಲು ಪೈ 4ಕ್ಕೆ ಆರ್ಮ್_ಫ್ರೀಕ್=1750, ಓವರ್_ವೋಲ್ಟೇಜ್=2. ಅಲ್ಲಿಂದ 50ರಂತೆ ಏರಿಸಿ, ಪ್ರತಿ ಹಂತಕ್ಕೆ ಅರ್ಧ ಗಂಟೆ ಭಾರ. 2000ಕ್ಕೆ ಬಹುಮಟ್ಟಿಗೆ 6 ಬೇಕಾಗುತ್ತದೆ. ಬಿದ್ದ ಹಂತದಿಂದ ಒಂದಲ್ಲ, ಎರಡು ಹಂತ ಕೆಳಗೆ ನಿಲ್ಲಿಸಿ. ಒಂದೇ ಹಂತ ಇಳಿಸಿದ ಬೋರ್ಡ್ ಅರ್ಧ ಗಂಟೆ ಪಾಸಾಗುತ್ತದೆ, ಮೂರನೇ ವಾರ ಬೀಳುತ್ತದೆ. ಪೈ 5ರ ಮೂಲ ವೇಗ 2400. ಅದಕ್ಕೆ ಓವರ್_ವೋಲ್ಟೇಜ್ ಬದಲು ಓವರ್_ವೋಲ್ಟೇಜ್_ಡೆಲ್ಟಾ ಬಳಸಿ. ಇದರ ಲೆಕ್ಕ ಮೈಕ್ರೋವೋಲ್ಟ್‌ನಲ್ಲಿ, 50000 ಅಂದರೆ 0.05 ವೋಲ್ಟ್. ಬರೀ ಓವರ್_ವೋಲ್ಟೇಜ್ ಹಾಕಿದರೆ ಅದು ವೋಲ್ಟೇಜನ್ನು ಬೇಕಾದಾಗ ಏರಿಸಿ ಇಳಿಸುವ ವ್ಯವಸ್ಥೆಯನ್ನೇ ನಿಲ್ಲಿಸುತ್ತದೆ. ಡೆಲ್ಟಾ ಅದನ್ನು ಹಾಗೇ ಬಿಟ್ಟು ಮೇಲೊಂದಿಷ್ಟು ಸೇರಿಸುತ್ತದೆ, ಹಾಗಾಗಿ ಸುಮ್ಮನಿರುವಾಗ ಬೋರ್ಡ್ ತಂಪಾಗಿರುತ್ತದೆ. 2600ರಿಂದ ಶುರು ಮಾಡಿ. 2800 ದಾಟಿದ ಮೇಲೆ ಒಂದೊಂದು ಚಿಪ್‌ಗೆ ಒಂದೊಂದು ಹಣೆಬರಹ. ಪಕ್ಕದವರ ಬೋರ್ಡ್ 3000 ಓಡಿತು ಅಂದ ಮಾತ್ರಕ್ಕೆ ನಿಮ್ಮದು ಓಡಬೇಕಾಗಿಲ್ಲ.

ಓವರ್_ವೋಲ್ಟೇಜ್ 6 ದಾಟಬೇಕೆಂದರೆ ಫೋರ್ಸ್_ಟರ್ಬೊ=1 ಕೂಡ ಬೇಕು. ಪೈನ ಹಳೆಯ ಮಾದರಿಗಳಲ್ಲಿ ಇವೆರಡೂ ಸೇರಿದರೆ ವಾರಂಟಿ ಮುರಿದ ಗುರುತು ಚಿಪ್ ಒಳಗೆ ಶಾಶ್ವತವಾಗಿ ಬೀಳುತ್ತಿತ್ತು. 50 ಮೆಗಾಹರ್ಟ್ಸ್ ಆಸೆಗೆ ಅಲ್ಲಿಗೆ ಹೋಗುವುದು ದಂಡ.

ಬೀಳದೆಯೂ ತಪ್ಪುವ ಬೋರ್ಡ್

ಹ್ಯಾಂಗ್ ಆಗುವ ಬೋರ್ಡ್ ಪರವಾಗಿಲ್ಲ, ಕಣ್ಣಿಗೆ ಕಾಣುತ್ತದೆ. ಹ್ಯಾಂಗ್ ಆಗದೆ ಲೆಕ್ಕ ತಪ್ಪುವ ಬೋರ್ಡ್ ನಿಮ್ಮ ಬ್ಯಾಕಪ್ ಫೈಲುಗಳನ್ನೇ ಸದ್ದಿಲ್ಲದೆ ಕೆಡಿಸುತ್ತದೆ. ಇದನ್ನು ಹಿಡಿಯಲು ಡಿಡಿ ಆಜ್ಞೆಯಿಂದ 512 ಎಂಬಿಯ ಯಾದೃಚ್ಛಿಕ ಫೈಲ್ ಒಂದನ್ನು ಮಾಡಿ. ನಾಲ್ಕು ಟರ್ಮಿನಲ್‌ನಲ್ಲಿ ಏಕಕಾಲಕ್ಕೆ ಅದರ ಮೇಲೆ, ಫೈಲಿನ ಬೆರಳಚ್ಚಿನಂಥ ಸಂಖ್ಯೆ ಲೆಕ್ಕ ಹಾಕುವ ಎಸ್‌ಎಚ್‌ಎ256ಸಮ್ ಅನ್ನು ತಲಾ 100 ಸಲ ಓಡಿಸಿ, ಉತ್ತರಗಳನ್ನೆಲ್ಲ ಒಂದು ಕಡೆ ಸೇರಿಸಿ ಸಾರ್ಟ್ ಮತ್ತು ಯುನಿಕ್ -ಸಿ ಮೂಲಕ ಹಾಯಿಸಿ. ಒಂದೇ ಸಾಲು, ಮುಂದೆ 400 ಎಂಬ ಎಣಿಕೆ ಬರಬೇಕು. 399 ಮತ್ತು 1 ಎಂದು ಎರಡು ಸಾಲು ಬಂದರೂ ಆ ವೇಗ ನಿಮಗೆ ಬೇಡ. 1 ಜಿಬಿ ಅಥವಾ ಹೆಚ್ಚಿನ ರ್‍ಯಾಮ್ ಇದ್ದರೆ ಫೈಲ್ ಮೊದಲ ಓದಿನ ನಂತರ ರ್‍ಯಾಮ್‌ನಲ್ಲೇ ಇರುತ್ತದೆ, ಹಾಗಾಗಿ ಪರೀಕ್ಷೆ ಆಗುತ್ತಿರುವುದು ಕಾರ್ಡಿನದಲ್ಲ, ಸಿಪಿಯು ಮತ್ತು ರ್‍ಯಾಮ್‌ನದು.

ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ ಇನ್ನೊಂದು ಸುಳಿವು. ಜಿಸಿಸಿ ಕಂಪೈಲರ್ ಸೆಗ್ಮೆಂಟೇಶನ್ ಫಾಲ್ಟ್ ಎಂದು ನಿಂತರೆ ಅದೇ ಕೆಲಸ ಮತ್ತೆ ಓಡಿಸಿ. ಪ್ರತಿ ಸಲ ಒಂದೇ ಫೈಲಿನ ಒಂದೇ ಸಾಲಿನಲ್ಲಿ ನಿಂತರೆ ಅದು ಸಾಫ್ಟ್‌ವೇರ್ ತಪ್ಪು, ಇಲ್ಲವೇ ರ್‍ಯಾಮ್ ಸಾಲದಿರುವುದು. ಸಲಕ್ಕೊಂದು ಕಡೆ ನಿಂತರೆ ಓವರ್‌ಕ್ಲಾಕ್ ಇಳಿಸಿ.

ಬೇಸಿಗೆಯ ಲೆಕ್ಕ

ಡಿಸೆಂಬರಿನಲ್ಲಿ ಪಾಸಾದ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ಬೀಳುವುದು ದೋಷವಲ್ಲ, ಕೂಡುವ ಲೆಕ್ಕ. ಅದೇ ಭಾರ, ಅದೇ ಹೀಟ್‌ಸಿಂಕ್ ಇದ್ದರೆ ಚಿಪ್ ಕೋಣೆಯ ಶಾಖಕ್ಕಿಂತ ಎಷ್ಟು ಮೇಲಿರುತ್ತದೆ ಎಂಬ ಅಂತರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬೆಂಗಳೂರಿನ 24 ಡಿಗ್ರಿಯ ಕೋಣೆಯಲ್ಲಿ ಪೂರ್ತಿ ಭಾರಕ್ಕೆ 66 ಬಂತು ಅಂದರೆ ಅಂತರ 42. ಅದೇ ಬೋರ್ಡನ್ನು ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮೇ ತಿಂಗಳ ಮಧ್ಯಾಹ್ನ 41 ಡಿಗ್ರಿಯ ಕೋಣೆಯಲ್ಲಿಟ್ಟರೆ 83. ಕಡಿತ ಶುರುವಾಗುವುದು 80ಕ್ಕೇ. ಹಾಗಾಗಿ ಚಳಿಗಾಲದಲ್ಲಿ ಪರೀಕ್ಷಿಸುವವರು ಪೂರ್ತಿ ಭಾರದ ಓದಿನಿಂದ ಆ ಹೊತ್ತಿನ ಕೋಣೆಯ ಶಾಖ ಕಳೆದು, ತಮ್ಮೂರಿನ ಬೇಸಿಗೆಯ ಅತಿ ಹೆಚ್ಚು ಶಾಖ ಕೂಡಿಸಿ ನೋಡಲಿ. 75ರೊಳಗೆ ನಿಂತರೆ ಹಾಗೇ ಬಿಡಿ, ದಾಟಿದರೆ ದೊಡ್ಡ ಹೀಟ್‌ಸಿಂಕ್ ಹಾಕಿ ಅಥವಾ ಓವರ್_ವೋಲ್ಟೇಜ್ ಒಂದೆರಡು ಮೆಟ್ಟಿಲು ಇಳಿಸಿ, ಅದಕ್ಕೆ ತಕ್ಕಂತೆ ವೇಗವನ್ನೂ ಇಳಿಸಿ. ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿ: ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಗಳಿಗೆಗೇ ಬೋರ್ಡ್ ರೀಬೂಟ್ ಆಗುತ್ತಿದ್ದರೆ ಕಾನ್ಫಿಗ್ ಫೈಲ್ ಮುಟ್ಟಬೇಡಿ, ಅಡಾಪ್ಟರಿಗೆ ಪುಟ್ಟ ಯುಪಿಎಸ್ ಹಾಕಿ.